ಅಪ್ಪ ಮಾರಿದ ಹಕ್ಕು, ಮಗ ಕೊಂಡ ಹಕ್ಕು

ಎಚ್.ಡಿ. ಕೋಟೆ, ಹುಣಸೂರು ಸೀಮೆಯಲ್ಲಿ ಶುಂಠಿ ವ್ಯಾಪಾರಿ ಹೊಲಕ್ಕೆ ಬಂದರೆ ಮೊದಲು ಒಂದೆರಡು ಬುಡ ಅಗೆಸಿ ಗೆಡ್ಡೆ ನೋಡುತ್ತಾನೆ. ಆಮೇಲೆ ಚೀಲದ ಲೆಕ್ಕದಲ್ಲಿ ಮಾತು. ಇಲ್ಲಿ ಶುಂಠಿಯ ಚೀಲವೆಂದರೆ ಅರವತ್ತು ಕೆ.ಜಿ. ಬೆಲೆ ಕುದುರಿದರೆ ಒಂದಿಷ್ಟು ಮುಂಗಡ ಕೊಟ್ಟು, ‘ಕೀಳೋ ದಿನ ಫೋನ್ ಮಾಡ್ತೀನಿ ಗೌಡ್ರೆ’ ಎಂದು ಹೊರಡುತ್ತಾನೆ. ಅಷ್ಟರೊಳಗೆ ಬೆಲೆ ಏರಿತೆನ್ನಿ, ಬೆಳಕು ಹರಿಯುವ ಮೊದಲೇ ಆಳು, ಲಾರಿ ಸಮೇತ ಬದುವಿನ ಮೇಲೆ ನಿಂತಿರುತ್ತಾನೆ. ಬೆಲೆ ಬಿತ್ತೆನ್ನಿ, ಫೋನ್ ಸ್ವಿಚ್ ಆಫ್. ಎಲ್ಲ ವ್ಯಾಪಾರಿಗಳೂ ಹೀಗಲ್ಲ, ಮಾತಿಗೆ ನಿಂತು ಕೈ ಸುಟ್ಟುಕೊಂಡವರೂ ಇದ್ದಾರೆ. ಆದರೆ ಮುಂಗಡ ಬಿಟ್ಟುಕೊಟ್ಟು ವ್ಯಾಪಾರಿ ಮಾಯವಾದ ಕಥೆ ಇಲ್ಲದ ಊರು ಕಡಿಮೆ.

ಮುಂಬೈಯಲ್ಲೋ ಷಿಕಾಗೊದಲ್ಲೋ ಕೂತು ನೋಡುವವರಿಗೆ ಈ ವ್ಯವಹಾರ ಹೊಸದೇನಲ್ಲ. ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು ಇದೆ, ಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲ, ಹಕ್ಕಿಗೆ ಪ್ರತಿಯಾಗಿ ಒಂದಷ್ಟು ಹಣ ಮೊದಲೇ ಕೈ ಬದಲಾಯಿಸಿದೆ. ಅವರು ಇದಕ್ಕೆ ಕಾಲ್ ಆಪ್ಷನ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಸರಕುಗಳ ಆಪ್ಷನ್ ವ್ಯಾಪಾರವನ್ನು 1952ರ ಕಾಯ್ದೆ ದಶಕಗಳ ಕಾಲ ನಿಷೇಧಿಸಿತ್ತು. ವಿನಿಮಯ ಕೇಂದ್ರಗಳಲ್ಲಿ ಅದು ಮತ್ತೆ ಬಾಗಿಲು ತೆರೆದದ್ದು 2017ರ ಅಕ್ಟೋಬರ್‌ನಲ್ಲಿ, ಚಿನ್ನದಿಂದ. ಕೃಷಿ ಸರಕಿನ ಮೊದಲ ಆಪ್ಷನ್ 2018ರ ಜನವರಿಯಲ್ಲಿ ಬಂದ ಗೋರಿಕಾಯಿ ಬೀಜದ್ದು. ಶುಂಠಿ ಹೊಲದ ಮುಂಗಡ ಯಾವ ಕಾಯ್ದೆಯನ್ನೂ ಕೇಳಿ ಹುಟ್ಟಿದ್ದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ರೈತ ಮಾರುತ್ತಿರುವ ಈ ಹಕ್ಕಿಗೆ ನಿಜವಾದ ಬೆಲೆ ಎಷ್ಟು?

ಅಲ್ಲಿಗೆ ಹೋಗುವ ಮೊದಲು ಸುಲಭದ ಲೆಕ್ಕವೊಂದನ್ನು ಮುಗಿಸೋಣ. ಮೂರು ತಿಂಗಳ ಮುಂದಿನ ಬೆಲೆಯನ್ನು ಇವತ್ತು ಹೇಗೆ ನಿಗದಿ ಮಾಡುತ್ತಾರೆ? ಮುಂದಿನ ತಾರೀಖಿನ ಮಾಲಿಗೆ ಇವತ್ತೇ ಬೆಲೆ ಕುದುರಿಸುವ ವಾಯಿದಾ ಪೇಟೆಯವರು ಮಳೆ, ಬೆಳೆ ಎಲ್ಲ ಊಹಿಸಿ ಭವಿಷ್ಯ ನುಡಿಯುತ್ತಾರೆ ಎಂಬುದು ಜನರ ನಂಬಿಕೆ. ಕೂಡಿಟ್ಟರೆ ಕೆಡದ ಸರಕಿನ ಮಟ್ಟಿಗೆ ಇದು ಬಹುಪಾಲು ತಪ್ಪು. ಪಿರಿಯಾಪಟ್ಟಣದ ಮುಸುಕಿನ ಜೋಳವನ್ನೇ ತೆಗೆದುಕೊಳ್ಳಿ. ಬೈಲಕುಪ್ಪೆಯ ಟಿಬೆಟನ್ನರ ಹೊಲಗಳಿಂದ ಹಿಡಿದು ಹುಣಸೂರು ತಾಲ್ಲೂಕಿನ ಗುರುಪುರದವರೆಗೆ ಜೋಳವೋ ಜೋಳ. ಇವತ್ತು ಕ್ವಿಂಟಲ್‌ಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಬ್ಯಾಂಕಿನಿಂದ ವರ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಹಣ ತಂದು ಕೊಂಡಿಟ್ಟರೆ ಮೂರು ತಿಂಗಳಿಗೆ ಬಡ್ಡಿ 45 ರೂಪಾಯಿ. ಗೋದಾಮಿನ ಬಾಡಿಗೆ ತಿಂಗಳಿಗೆ ಹತ್ತರಂತೆ 30. ಹುಳು ಹಿಡಿಯದಂತೆ ಔಷಧ, ಎತ್ತಿಳಿಸುವ ಕೂಲಿ, ಒಣಗಿ ತೂಕ ಇಳಿಯುವುದು ಎಲ್ಲ ಸೇರಿ 25. ಒಟ್ಟು ನೂರು. ಹಾಗಾದರೆ ಮೂರು ತಿಂಗಳ ವಾಯಿದಾ ಬೆಲೆ 2,100ರ ಆಸುಪಾಸಿನಲ್ಲೇ ಇರಬೇಕು.

ಇರಬೇಕು ಎಂದು ಆಣೆ ಮಾಡಿದವರು ಯಾರು? ಯಾರೂ ಇಲ್ಲ. ವಾಯಿದಾ 2,200ಕ್ಕೆ ಏರಿದರೆ ಯಾರೋ ಒಬ್ಬ ಜೋಳ ಕೊಂಡು ಗೋದಾಮಿಗೆ ಹಾಕಿ, ಅದೇ ದಿನ ವಾಯಿದಾದಲ್ಲಿ ಮಾರುತ್ತಾನೆ. ಮೂರು ತಿಂಗಳ ಮೇಲೆ ಬೆಲೆ ಆಕಾಶಕ್ಕೆ ಹೋಗಲಿ, ಪಾತಾಳಕ್ಕೆ ಇಳಿಯಲಿ, ಅವನ ನೂರು ರೂಪಾಯಿ ಲಾಭ ಅಂದೇ ಗಂಟು. ಇಂಥವರು ಹತ್ತು ಮಂದಿ ನುಗ್ಗಿದರೆ ಇಲ್ಲಿ ಜೋಳದ ಬೆಲೆ ಮೇಲೇಳುತ್ತದೆ, ಅಲ್ಲಿ ವಾಯಿದಾ ತಗ್ಗುತ್ತದೆ. ವಾಯಿದಾ 2,040ಕ್ಕೆ ಕುಸಿದರೆ ಆಟ ತಿರುಗುಮುರುಗು. ದಾಸ್ತಾನು ಇರುವವನು ಈಗಲೇ ಮಾರಿ, ಮುಂದಕ್ಕೆ ವಾಯಿದಾದಲ್ಲಿ ಕೊಂಡು, ಇಟ್ಟುಕೊಳ್ಳುವ ಖರ್ಚು ಉಳಿಸುತ್ತಾನೆ. ಈ ಕೆಲಸಕ್ಕೆ ಆರ್ಬಿಟ್ರೇಜ್ ಎಂದು ಹೆಸರು. ಇವತ್ತಿನ ಬೆಲೆ, ಮುಂದಿನ ಬೆಲೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಮುಂದೆ ಹೋದರೆ ಇನ್ನೊಂದನ್ನು ಎಳೆಯುತ್ತದೆ. ಲಾಭಕ್ಕೆ ಹೊಂಚು ಹಾಕುವ ಆರ್ಬಿಟ್ರೇಜಿನವನೇ ಆ ನೊಗ.

ಈಗ ಇದೇ ಲೆಕ್ಕವನ್ನು ರೈತನ ಕಡೆಯಿಂದ ಹಾಕಿ ನೋಡಿ. ಅವನ ಹಣ ಬ್ಯಾಂಕಿನದಲ್ಲ, ನೂರಕ್ಕೆ ತಿಂಗಳಿಗೆ ಮೂರರ ಕೈಸಾಲ. ಎರಡು ಸಾವಿರಕ್ಕೆ ಮೂರು ತಿಂಗಳ ಬಡ್ಡಿ 180 ರೂಪಾಯಿ. ಮಿಕ್ಕ ಖರ್ಚು 55 ಸೇರಿದರೆ 235. ಕಾದರೆ ಪೇಟೆ ಕೊಡುವುದು ನೂರು, ಕಾಯುವುದಕ್ಕೆ ತಗಲುವುದು 235. ಕಣದಿಂದಲೇ ಮಾರಿ ಕೈತೊಳೆದುಕೊಳ್ಳುವುದು ಅವನ ಪಾಲಿಗೆ ಸರಿಯಾದ ಲೆಕ್ಕ. ‘ಅವಸರಪಟ್ಟು ಮಾರಬೇಡಿ, ಕಾದರೆ ಒಳ್ಳೆ ಬೆಲೆ ಬರುತ್ತೆ’ ಎಂದು ವೇದಿಕೆ ಮೇಲೆ ಬುದ್ಧಿ ಹೇಳುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕಾಯುವುದಕ್ಕೂ ಖರ್ಚಿದೆ, ಆ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಅದೇ ರೈತನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನ ಶೇ 4ರ ದರದಲ್ಲಿ, ಗೋದಾಮಿನ ರಸೀದಿಯ ಮೇಲೆ ಸಾಲ ಸಿಕ್ಕಿದರೆ ಬಡ್ಡಿ 20 ರೂಪಾಯಿಗೆ ಇಳಿಯುತ್ತದೆ. ಆಗ ಅವನೇ ಸಣ್ಣ ಆರ್ಬಿಟ್ರೇಜ್ ವ್ಯಾಪಾರಿ. ಕ್ವಿಂಟಲ್‌ಗೆ 25 ರೂಪಾಯಿ ಅವನದು. ಗೋದಾಮು ರಸೀದಿಗೆ ಕಾನೂನಿನ ಬಲ ಕೊಟ್ಟ ಕಾಯ್ದೆ 2007ರಲ್ಲೇ ಬಂದಿದೆ. ನೋಂದಾಯಿತ ಗೋದಾಮು ಎಷ್ಟು ದೂರ, ನಾಲ್ಕು ಕ್ವಿಂಟಲ್ ತಂದವನನ್ನು ಅಲ್ಲಿ ಮಾತಾಡಿಸುತ್ತಾರೋ ಇಲ್ಲವೋ ಎನ್ನುವುದರಲ್ಲಿ ಕಾಯ್ದೆಯ ಭವಿಷ್ಯ ನಿಂತಿದೆ.

ನೊಗ ಚೆನ್ನಾಗಿ ಕೂತಿರುವ ಬೆಳೆ ನೋಡಬೇಕಾದರೆ ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋಗಬೇಕು. 1996ರಲ್ಲಿ ಬೆಳೆಯನ್ನು ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಪೂಲಿಂಗ್ ಪೂರ್ತಿ ಹೋದ ಮೇಲೆ ರೊಬಸ್ಟಾ ಕಾಫಿಯ ಬೆಲೆ ಲಂಡನ್ನಿನ ವಾಯಿದಾ ಪೇಟೆಗೆ ಅಂಟಿಕೊಂಡಿದೆ. ಅಲ್ಲಿ ಒಂದು ಲಾಟ್ ಎಂದರೆ ಹತ್ತು ಟನ್. ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಲಂಡನ್ ತೆರೆಯುತ್ತದೆ, ಆಮೇಲೆ ವ್ಯಾಪಾರಿಯ ಮಾತೇ ಬೇರೆ. 2024ರ ಏಪ್ರಿಲ್‌ನಲ್ಲಿ ಲಂಡನ್ ಟನ್ನಿಗೆ ನಾಲ್ಕು ಸಾವಿರ ಡಾಲರ್ ದಾಟಿದಾಗ ಕೊಡಗಿನ ರೊಬಸ್ಟಾ ಚೆರಿ ಐವತ್ತು ಕೆ.ಜಿ. ಚೀಲಕ್ಕೆ ಹತ್ತು ಸಾವಿರದ ಗಡಿ ತಲುಪಿತು. ವಿಯೆಟ್ನಾಂನಲ್ಲಿ ಬೆಳೆ ಕೈಕೊಟ್ಟದ್ದು ಇಲ್ಲಿನ ಕಣಕ್ಕೆ ತಿಳಿಯಲು ವಾರ ಬೇಕಾಗಲಿಲ್ಲ. ಬೆಳೆಗಾರನಿಂದ ಕಾಫಿ ಕೊಂಡ ರಫ್ತುದಾರ ಅದೇ ಗಳಿಗೆಯಲ್ಲಿ ಲಂಡನ್ನಿನಲ್ಲಿ ಅಷ್ಟೇ ಕಾಫಿಯನ್ನು ವಾಯಿದಾದಲ್ಲಿ ಮಾರಬಲ್ಲ. ಆದ್ದರಿಂದ ಹೆದರದೆ ಬೆಲೆ ಕೊಡಬಲ್ಲ. ಬೆಳೆಗಾರ ಲಂಡನ್ ಮುಖ ನೋಡಿರಬೇಕಾಗಿಲ್ಲ, ಕೊಳ್ಳುವವನು ನೋಡಿದ್ದರೆ ಸಾಕು.

ಗಡಿಯಿಂದ ಈಚೆಗೆ ಬಂದರೆ ಚಿತ್ರ ಬೇರೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕು ತಾಲ್ಲೂಕುಗಳ ಹೆಸರು ಹೊರಗೆ ಗೊತ್ತಿರುವುದು ವರ್ಜೀನಿಯಾ ಹೊಗೆಸೊಪ್ಪಿನಿಂದ. ಗುಂಟೂರಿನಲ್ಲಿ ಕೇಂದ್ರ ಕಚೇರಿ ಇರುವ ತಂಬಾಕು ಮಂಡಳಿ 1976ರಲ್ಲಿ ಹುಟ್ಟಿತು, ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗಳಿಗೆ ಬೇಲ್ ತಂದು ಸಾಲಾಗಿ ಇಡಬೇಕು, ಹೊರಗೆ ಮಾರುವಂತಿಲ್ಲ. ಎಷ್ಟು ಬೆಳೆಯಬೇಕೆಂಬುದೂ ಮಂಡಳಿಯ ತೀರ್ಮಾನ. ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟು. ಆಂಧ್ರದ ಹರಾಜು ಹೇಗೆ ನಡೆಯಿತು, ಬ್ರೆಜಿಲ್, ಜಿಂಬಾಬ್ವೆಯ ಬೆಳೆ ಎಷ್ಟು ಎಂಬ ಲೆಕ್ಕ ಅವರ ಮೇಜಿನ ಮೇಲಿರುತ್ತದೆ. ರೈತನ ಮುಂದೆ ಇರುವುದು ನಿನ್ನೆ ಪಕ್ಕದ ಊರಿನವನ ಬೇಲ್ ಎಷ್ಟಕ್ಕೆ ಹೋಯಿತು ಎಂಬ ಸುದ್ದಿ ಮಾತ್ರ. ದೇಶದ ಯಾವ ವಿನಿಮಯ ಕೇಂದ್ರದಲ್ಲೂ ಹೊಗೆಸೊಪ್ಪಿನ ವಾಯಿದಾ ನಡೆಯುವುದಿಲ್ಲ. ಬೇಸಿಗೆ ಕೊನೆಯಲ್ಲಿ ಸಸಿ ನೆಟ್ಟವನಿಗೆ ಬೆಲೆ ಗೊತ್ತಾಗುವುದು ಬ್ಯಾರನ್‌ನಲ್ಲಿ ಸೌದೆ ಉರಿದು, ಎಲೆ ಹದವಾಗಿ, ಹರಾಜು ಶುರುವಾದ ಮೇಲೆ. ಮೊದಲ ದಿನದ ಬೆಲೆ ಕೇಳಿ ಹರಾಜು ನಿಲ್ಲಿಸಿ ಧರಣಿ ಕೂರುವುದು ಇಲ್ಲಿ ಅಪರೂಪವಲ್ಲ. ಅದನ್ನು ರಗಳೆ ಎಂದು ತಳ್ಳಿಹಾಕುವವರು ಒಂದು ವಿಷಯ ಗಮನಿಸಬೇಕು: ಬೆಲೆಯ ಬಗ್ಗೆ ಮಾತಾಡಲು ಆ ರೈತನಿಗೆ ವರ್ಷದಲ್ಲಿ ಸಿಗುವ ಅವಕಾಶ ಅದೊಂದೇ.

ಮಿಕ್ಕ ಬೆಳೆಗಳದ್ದೂ ಅರೆಬರೆ ಕಥೆ. ಎಚ್.ಡಿ. ಕೋಟೆಯ ಹತ್ತಿಗೆ ವಾಯಿದಾ ಇದೆ, ಆದರೆ ಮುಂಬೈಯ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಹತ್ತಿಯೆಂದು ನಡೆಯುವುದು ಬೀಜ ತೆಗೆದ ಅರಳೆಯ ವ್ಯಾಪಾರ. ರೈತ ಮಾರುವುದು ಬೀಜ ಸಹಿತದ ಹತ್ತಿ. ಕೆ.ಆರ್. ನಗರದ ಭತ್ತದ ವಿಷಯ ಇನ್ನೂ ಸರಳ. 2021ರ ಡಿಸೆಂಬರ್ 20ರಂದು ಮಾರುಕಟ್ಟೆ ನಿಯಂತ್ರಕ ಸೆಬಿ ಏಳು ಸರಕುಗಳ ವಾಯಿದಾ ನಿಲ್ಲಿಸಿದಾಗ ಬಾಸ್ಮತಿಯಲ್ಲದ ಭತ್ತವೂ ಪಟ್ಟಿಯಲ್ಲಿತ್ತು. ಒಂದು ವರ್ಷಕ್ಕೆಂದು ಹೇಳಿದ್ದು ವರ್ಷದಿಂದ ವರ್ಷಕ್ಕೆ ಮುಂದುವರಿಯಿತು. ಬೆಲೆ ಏರಿಕೆಗೆ ವಾಯಿದಾ ಕಾರಣ ಎಂಬ ಅನುಮಾನದ ಮೇಲೆ ಬಾಗಿಲು ಮುಚ್ಚಿದರೆ ಬೆಲೆ ನಿಲ್ಲುವುದಿಲ್ಲ, ಮುಂದಿನ ಬೆಲೆ ಕಾಣುವುದು ನಿಲ್ಲುತ್ತದೆ. ನಾವು ಹೀಗೆ ಅನುಮಾನಿಸುವ ಅಕ್ಕಿಯ ವಾಯಿದಾ ವ್ಯಾಪಾರಕ್ಕೆ ಜಪಾನಿನ ದೊರೆಗಳು ಒಸಾಕಾದ ದೊಜಿಮಾದಲ್ಲಿ ಅಧಿಕೃತ ಒಪ್ಪಿಗೆ ಕೊಟ್ಟದ್ದು 1730ರಲ್ಲಿ.

ಶುಂಠಿ ಹೊಲಕ್ಕೆ ಮರಳೋಣ. ಇವತ್ತು ಚೀಲಕ್ಕೆ 2,000 ರೂಪಾಯಿ. ವ್ಯಾಪಾರಿ ಅದೇ ಬೆಲೆಗೆ ಮಾತಾಡಿ, ಚೀಲಕ್ಕೆ ನೂರರಂತೆ ಮುಂಗಡ ಕೊಟ್ಟಿದ್ದಾನೆ. ತಿಂಗಳ ಮೇಲೆ ಬೆಲೆ ಒಂದೋ 2,500 ಆಗುತ್ತದೆ, ಇಲ್ಲವೇ 1,500 ಆಗುತ್ತದೆ ಎಂದುಕೊಳ್ಳಿ. ಬಡ್ಡಿಯನ್ನು ಸದ್ಯಕ್ಕೆ ಮರೆಯೋಣ. ಏರಿದರೆ ಅವನ ಹಕ್ಕಿಗೆ 500 ರೂಪಾಯಿ ಬೆಲೆ, ಇಳಿದರೆ ಸೊನ್ನೆ. ಏರುವುದೋ ಇಳಿಯುವುದೋ ಗೊತ್ತಿಲ್ಲದೆ ಹಕ್ಕಿನ ಬೆಲೆ ಕಟ್ಟುವುದು ಹೇಗೆ?

ಹೀಗೆ: ಇನ್ನೊಬ್ಬ, ರೈತನ ಹತ್ತಿರ ಬರದೆ, 750 ರೂಪಾಯಿ ಸಾಲ ಮಾಡಿ ಅದಕ್ಕೆ ತನ್ನ 250 ಸೇರಿಸಿ ಸಾವಿರಕ್ಕೆ ಅರ್ಧ ಚೀಲ ಕೊಂಡು ಕೂರುತ್ತಾನೆ. ಬೆಲೆ 2,500 ಆದರೆ ಅರ್ಧ ಚೀಲಕ್ಕೆ 1,250. ಸಾಲ ತೀರಿಸಿ ಕೈಯಲ್ಲಿ 500. ಬೆಲೆ 1,500 ಆದರೆ ಅರ್ಧ ಚೀಲಕ್ಕೆ 750. ಸಾಲಕ್ಕೆ ಸರಿಹೋಯಿತು, ಕೈಯಲ್ಲಿ ಸೊನ್ನೆ. ವ್ಯಾಪಾರಿಯ ಹಕ್ಕು ಏನು ಕೊಡುತ್ತದೋ ಇದೂ ಅಷ್ಟನ್ನೇ, ಎರಡೂ ಪಕ್ಷದಲ್ಲಿ, ಕೊಟ್ಟಿತು. ಅದಕ್ಕೆ ಅವನು ಕೈಯಿಂದ ಹಾಕಿದ್ದು 250. ಒಂದೇ ಫಲ ಕೊಡುವ ಎರಡು ವಸ್ತುಗಳಿಗೆ ಎರಡು ಬೆಲೆ ಇದ್ದರೆ ಆರ್ಬಿಟ್ರೇಜಿನವನು ಬಿಡುವುದಿಲ್ಲ. ಆದ್ದರಿಂದ ಹಕ್ಕಿನ ಬೆಲೆ 250. ಬೆಲೆ ಏರುವ ಸಾಧ್ಯತೆ ಎಷ್ಟು ಎಂದು ನಾವು ಎಲ್ಲೂ ಕೇಳಲಿಲ್ಲ. ಮೊದಲ ಸಲ ಓದಿದಾಗ ಎಲ್ಲೋ ಕಣ್ಕಟ್ಟಿದೆ ಎನಿಸುವ ಲೆಕ್ಕ ಇದು. 1973ರಲ್ಲಿ ಅರ್ಥಶಾಸ್ತ್ರಜ್ಞರಾದ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಇದರ ಕಷ್ಟದ ರೂಪವನ್ನು ಬಿಡಿಸಿದರು. 1979ರಲ್ಲಿ ಕಾಕ್ಸ್, ರಾಸ್, ರುಬಿನ್‌ಸ್ಟೀನ್ ಈ ಎರಡು ದಾರಿಯ ಸುಲಭ ರೂಪ ಕೊಟ್ಟರು. ಶೋಲ್ಸ್ ಮತ್ತು ಮರ್ಟನ್‌ಗೆ 1997ರಲ್ಲಿ ನೊಬೆಲ್ ಬಂತು. ಮರುವರ್ಷವೇ, ಅವರಿಬ್ಬರೂ ಪಾಲುದಾರರಾಗಿದ್ದ ಕಂಪನಿ ಇಂಥ ಆರ್ಬಿಟ್ರೇಜ್ ಆಟಗಳಲ್ಲೇ ಕೆಲವು ತಿಂಗಳಲ್ಲಿ ನಾಲ್ಕು ಶತಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಲೆಕ್ಕ ಸರಿಯಿತ್ತು, ಕಾಯಲು ಸಾಲದ ಹಣ ಬಿಡಲಿಲ್ಲ.

ಇನ್ನೂರು ಚೀಲದ ಹೊಲವಾದರೆ ರೈತ ಕೊಟ್ಟ ಹಕ್ಕಿನ ಬೆಲೆ ಐವತ್ತು ಸಾವಿರ. ಕೈಗೆ ಬಂದದ್ದು ಇಪ್ಪತ್ತು. ಅದೂ ವ್ಯಾಪಾರಿ ಮಾಲು ಒಯ್ದರೆ ಬೆಲೆಯಲ್ಲೇ ವಜಾ, ಅಂದರೆ ಹಕ್ಕು ಪುಕ್ಕಟೆ. ಇಬ್ಬರೂ ಮಾತಿಗೆ ಬದ್ಧರಾದ ವ್ಯಾಪಾರವಾಗಿದ್ದರೆ ಮುಂಗಡವೇ ಬೇಕಿರಲಿಲ್ಲ, ಲೆಕ್ಕದ ಪ್ರಕಾರ. ಏಕೆಂದರೆ ಆಗ ವ್ಯಾಪಾರಿಗೆ 2,000ಕ್ಕೆ ಕೊಳ್ಳುವ ಹಕ್ಕಿರುವಂತೆ ರೈತನಿಗೂ 2,000ಕ್ಕೆ ಮಾರುವ ಹಕ್ಕಿರುತ್ತದೆ. ಆ ಎರಡನೆಯದರ ಹೆಸರು ಪುಟ್ ಆಪ್ಷನ್, ಇಲ್ಲಿ ಅದರ ಬೆಲೆಯೂ 250. ಒಂದಕ್ಕೊಂದು ವಜಾ ಆಗುತ್ತದೆ. ಹೊಲದಲ್ಲಿ ನಡೆಯುವುದು ಅರ್ಧ ಒಪ್ಪಂದ: ಕೊಳ್ಳುವ ಹಕ್ಕು ಹೋಯಿತು, ಮಾರುವ ಹಕ್ಕು ಬರಲಿಲ್ಲ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬೆಲೆ 3,000ಕ್ಕೂ ಏರಬಹುದು, 1,000ಕ್ಕೂ ಇಳಿಯಬಹುದು ಎಂದಾದರೆ ಅದೇ ಅರ್ಧ ಚೀಲದ ಲೆಕ್ಕದಲ್ಲಿ ಹಕ್ಕಿನ ಬೆಲೆ 500 ಆಗುತ್ತದೆ. ಏರಿಳಿತ ಜೋರಾದಷ್ಟೂ ಹಕ್ಕು ತುಟ್ಟಿ. ಶುಂಠಿಯಷ್ಟು ಹುಚ್ಚು ಬೆಲೆಯ ಬೆಳೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. 2023ರ ಮಳೆಗಾಲದಲ್ಲಿ ಚೀಲ ಹತ್ತು ಸಾವಿರ ದಾಟಿ, ರಾತ್ರಿ ಹೊಲ ಕಾಯುವ ಪರಿಸ್ಥಿತಿ ಬಂತು, ಆಮೇಲೆ ಬಿದ್ದ ರಭಸವೂ ಅಷ್ಟೇ. ಹಾಗಿರುವಾಗ ‘ಮಾರ್ಕೆಟ್ ಏನಾಗುತ್ತೋ ಗೊತ್ತಿಲ್ಲ, ಈ ಸಲ ಮುಂಗಡ ಕಮ್ಮಿ’ ಎಂದು ವ್ಯಾಪಾರಿ ಹೇಳಿದರೆ ಆ ಮಾತು ತಲೆಕೆಳಗು. ಗೊತ್ತಿಲ್ಲದಷ್ಟೂ ಮುಂಗಡ ಹೆಚ್ಚಾಗಬೇಕು.

ಅರ್ಧ ಚೀಲ ಕೊಂಡು ಕೂರುವವನು ಶುಂಠಿಯಲ್ಲಿ ಎಲ್ಲಿದ್ದಾನೆ ಎಂದು ಕೇಳಬಹುದು. ಇಲ್ಲ. ಕಿತ್ತ ಹಸಿ ಶುಂಠಿ ವಾರಗಟ್ಟಲೆ ನಿಲ್ಲುವುದಿಲ್ಲ. ವಾಯಿದಾ ಪೇಟೆಯೂ ಇಲ್ಲ. ನೊಗ ಹೂಡುವವನೇ ಇಲ್ಲದ ಕಡೆ ಬೆಲೆ ಕಟ್ಟುವುದು ಯಾರಿಗೆ ಗರಜು ಹೆಚ್ಚೋ ಅವರ ಗರಜು. ರೈತನ ಕೈಯಲ್ಲಿ ಉಳಿದಿರುವ ಒಂದೇ ಆಪ್ಷನ್ ಎಂದರೆ ಕೀಳದೆ ಭೂಮಿಯಲ್ಲೇ ಬಿಡುವುದು. ಬೆಲೆ ಬಿದ್ದ ವರ್ಷ ಬಹಳ ಜನ ಹಾಗೇ ಬಿಟ್ಟು, ಮುಂದೆ ಹಳೆ ಶುಂಠಿಯಾಗಿ ಮಾರುತ್ತಾರೆ. ಕೊಳೆರೋಗದ ಅಪಾಯ, ನೀರಿನ ಖರ್ಚು, ಗುತ್ತಿಗೆ ಜಮೀನಾದರೆ ಅವಧಿ ಮುಗಿಯುವ ಭಯ ಇವೆಲ್ಲ ಆ ಹಕ್ಕಿಗೆ ಅವನು ತೆರುವ ಬೆಲೆ.

ಮಾರುವ ಹಕ್ಕನ್ನು ಸರ್ಕಾರ ಪುಕ್ಕಟೆ ಕೊಡುವುದೂ ಉಂಟು, ಬೆಂಬಲ ಬೆಲೆಯ ರೂಪದಲ್ಲಿ. 2025-26ಕ್ಕೆ ಭತ್ತಕ್ಕೆ 2,369, ರಾಗಿಗೆ 4,886, ಮುಸುಕಿನ ಜೋಳಕ್ಕೆ 2,400 ರೂಪಾಯಿ. ಅದೇ ವರ್ಷದ ನವೆಂಬರ್‌ನಲ್ಲಿ ಜೋಳ 1,600–1,800 ರೂಪಾಯಿಯ ಮಟ್ಟಕ್ಕೆ ಇಳಿದು, ರಾಜ್ಯದ ರೈತರು ಬೀದಿಗೆ ಬಂದರು. ಲೆಕ್ಕದಲ್ಲಿ ಅವರ ಹಕ್ಕಿಗೆ ಅಂದು ಕ್ವಿಂಟಲ್‌ಗೆ ಆರುನೂರಕ್ಕೂ ಹೆಚ್ಚು ಬೆಲೆ ಇತ್ತು. ಖರೀದಿ ಕೇಂದ್ರವಿಲ್ಲದ ಕಡೆ ಅದು ಬರೀ ಕಾಗದ.

ಇನ್ನು ಮಗನ ಕಥೆ. ಅದೇ ಶುಂಠಿ ಹೊಲದ ಬದುವಿನ ಮೇಲೆ ಕೂತು ರೈತನ ಮಗ ಫೋನಿನಲ್ಲಿ ಷೇರು ಸೂಚ್ಯಂಕ ನಿಫ್ಟಿಯ ಆಪ್ಷನ್ ಕೊಳ್ಳುತ್ತಾನೆ. ಐದು ರೂಪಾಯಿಯ ಕಾಲ್ ಸಂಜೆಯೊಳಗೆ ಐವತ್ತಾದ ಸ್ಕ್ರೀನ್‌ಶಾಟ್ ಅವನಿಗೆ ಬಂದಿದೆ. ಅವನು ಕೊಳ್ಳುತ್ತಿರುವುದು ಅಪ್ಪ ಮಾರಿದಂಥದ್ದೇ ಸರಕು, ಆದರೆ ಎದುರಿಗೆ ಕೂತಿರುವುದು ಅರ್ಧ ಚೀಲದ ಲೆಕ್ಕವನ್ನು ಗಳಿಗೆ ಗಳಿಗೆಗೂ ಮಾಡುವ ಕಂಪ್ಯೂಟರ್. ಹಕ್ಕಿನ ಬೆಲೆ ದಿನ ಕಳೆದಂತೆ ಕರಗುತ್ತದೆ, ಮೇಲೆ ದಲ್ಲಾಳಿ ಶುಲ್ಕ, ತೆರಿಗೆ. ಸೆಬಿಯ ಅಧ್ಯಯನದ ಪ್ರಕಾರ 2024-25ರಲ್ಲಿ ಷೇರು ವಾಯಿದಾ, ಆಪ್ಷನ್‌ನಲ್ಲಿ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ 91 ಮಂದಿ ಕಳೆದುಕೊಂಡರು. ಒಟ್ಟು ನಷ್ಟ ಸುಮಾರು 1.05 ಲಕ್ಷ ಕೋಟಿ ರೂಪಾಯಿ. ಹಿಂದಿನ ವರ್ಷದ ಲೆಕ್ಕದಲ್ಲಿ ದೊಡ್ಡ ಸಂಸ್ಥೆಗಳ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ಆದೇಶಗಳಿಂದ. 2025ರ ಜುಲೈನಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆಯ 4,843 ಕೋಟಿ ರೂಪಾಯಿಗೆ ಸೆಬಿ ತಡೆ ಹಾಕಿತು. ಬೆಳಗ್ಗೆ ಬ್ಯಾಂಕ್ ಷೇರುಗಳನ್ನು ಕೊಂಡು ಸೂಚ್ಯಂಕ ಏರಿಸಿ, ಅದಕ್ಕಿಂತ ಹಲವು ಪಟ್ಟು ದೊಡ್ಡ ಆಪ್ಷನ್ ಆಟವನ್ನು ಇಳಿಕೆಯ ಮೇಲೆ ಕಟ್ಟಿತ್ತು ಎಂಬುದು ಆರೋಪ. ನಾವು ಮಾಡಿದ್ದು ಮಾಮೂಲಿ ಆರ್ಬಿಟ್ರೇಜ್ ಎಂಬುದು ಕಂಪನಿಯ ವಾದ. ತೀರ್ಪು ಏನೇ ಇರಲಿ, ಬದುವಿನ ಮೇಲೆ ಕೂತವನಿಗೆ ಆ ಮೇಜಿನಲ್ಲಿ ಕುರ್ಚಿಯಿಲ್ಲ.

ಮಗನಿಗೆ ಹೇಳುವುದು ಕಷ್ಟ. ಅಪ್ಪನ ವ್ಯವಹಾರದಲ್ಲಿ ಒಂದು ಸಣ್ಣ ತಿದ್ದುಪಡಿ ಸಾಧ್ಯ. ಆಪ್ಷನ್‌ಗೆ ಅವಧಿ ಎಂಬುದಿರುತ್ತದೆ. ಷೇರುಪೇಟೆಯಲ್ಲಿ ಗಳಿಗೆ ಮುಗಿದರೆ ಹಕ್ಕು ಸತ್ತಂತೆ. ಹೊಲದ ಮುಂಗಡಕ್ಕೆ ಎಷ್ಟೋ ಸಲ ತಾರೀಖೇ ಇಲ್ಲ, ಆದ್ದರಿಂದ ವ್ಯಾಪಾರಿ ಇವತ್ತು, ನಾಳೆ ಎನ್ನುತ್ತ ಬೆಲೆಯ ದಾರಿ ನೋಡುತ್ತ ಕೂರುತ್ತಾನೆ. ಮುಂಗಡ ಎಣಿಸಿಕೊಳ್ಳುವಾಗ ಒಂದು ಚೀಟಿಯಲ್ಲಿ ಕೀಳುವ ತಾರೀಖು ಬರೆಸಿಕೊಂಡು, ಅಂದು ಬಾರದಿದ್ದರೆ ಮಾಲು ಬೇರೆಯವರಿಗೆ, ಮುಂಗಡ ವಾಪಸ್ ಇಲ್ಲ ಎಂದು ಇಬ್ಬರೂ ರುಜು ಹಾಕಬೇಕು. ಹತ್ತು ದಿನ ಹೆಚ್ಚಿಗೆ ಬೇಕೆಂದರೆ ಚೀಲಕ್ಕೆ ಇಷ್ಟು ಸೇರಿಸಿ ಎಂದು ಕೇಳಬಹುದು, ಕೊಡಲಾರದವನು ಬೇಗ ಕಿತ್ತುಕೊಂಡು ಹೋಗುತ್ತಾನೆ.